ಬಾ ಎನ್ನಲು ಒಂದು ಕೋಣೆ

“ಬಾಯಿಬಿಟ್ಟು ‘ಬಾ’ ಅಂತ ಹೇಳಿದ ದಿನ ದುಬೈಗೆ ಬರ್ತೇನೆ. ಅಲ್ಲಿವರೆಗೆ ನಿಮ್ಮ ಫೋನೂ ಬೇಡ” ಎಂದು ಹೆಂಡತಿ ಉರ್ಸುಲಾ ಊರಾದ ಶಿರ್ವದಿಂದ ಲೈನ್ ಕಟ್ ಮಾಡಿದ್ದೇ ಕಜೆತಾನನ ಪೀಕಲಾಟಕ್ಕೆ ಮೂಲ.

ಪಾಪ, ಹೇಳಲು ಅವನಿಗೆ ಆಸೆಯೇ. ಆದರೆ ಎಲ್ಲಿ ನಿಂತು ಹೇಳುವುದು? ದುಬೈಯ ಕರಾಮದಲ್ಲಿ ಅವನಿದ್ದ ಫ್ಲಾಟಿನಲ್ಲಿ ಒಂದು ಕೋಣೆಗೆ ಆರು ಮಂಚ, ಮಂಚಕ್ಕೊಂದು ಪರದೆ. ಪರದೆ ಇರುವುದು ಕಣ್ಣಿಗೆ, ಕಿವಿಗಲ್ಲವಲ್ಲ. ಅವನು ಹೆಂಡತಿಗೆ ಫೋನು ಹಚ್ಚಿದರೆ ಸಾಕು, ಮೇಲಿನ ಮಂಚದ ಮೊಯ್ದಿನಬ್ಬ ನೋಡುತ್ತಿದ್ದ ಕ್ರಿಕೆಟಿನ ಸದ್ದು ಇಳಿಸುತ್ತಿದ್ದ. ಬೀದಿಗೆ ಇಳಿದರೆ ಮಂಗಳೂರಿನಲ್ಲಿ ಸಿಗುವುದಕ್ಕಿಂತ ಹೆಚ್ಚು ಪರಿಚಯದವರು ಅಲ್ಲಿ. ಹೀಗಾಗಿ ಕಜೆತಾನನ ಪ್ರೀತಿಯೆಲ್ಲ “ಅಲ್ಲಿ ಮಳೆ ಉಂಟಾ?” ಎಂಬಲ್ಲಿಗೆ ಮುಗಿಯುತ್ತಿತ್ತು. ವಿಸಿಟ್ ವೀಸಾ ಬಂದಿತ್ತು, ಊರಿಗೆ ಹೊರಟ ಗೆಳೆಯ ತನ್ನ ಮನೆ ಬಿಟ್ಟುಕೊಡಲು ಒಪ್ಪಿದ್ದ. ಬರಬೇಕಾದವಳು ಮಾತ್ರ ಫೋನೆತ್ತುತ್ತಿರಲಿಲ್ಲ.

ಕಜೆತಾನ್ ಚಾ ಕೊಡುವ ಆಫೀಸು ಜುಮೇರಾ ಲೇಕ್ ಟವರ್ಸಿನಲ್ಲಿ. ಧಣಿಗಳು ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಸೀಮೆಯವರು. ಒಂದು ದಿನ ಬೆಳಿಗ್ಗೆ ಅವರ ಊರಿನ ರೇಡಿಯೊದವಳೊಬ್ಬಳು ಬಂದಳು. ನಮ್ಮ ಆಕಾಶವಾಣಿಯ ಹಾಗೆ ಅದೂ ಜನರ ದುಡ್ಡಿನಲ್ಲಿ ನಡೆಯುವ ರೇಡಿಯೊ. ಮನೆಯವರಿಂದ ದೂರ ಇರುವವರ ದನಿ ಅವಳಿಗೆ ಬೇಕಿತ್ತು.

“ನಿನ್ನ ಕೊಂಕಣಿಯಲ್ಲೇ ಮಾತಾಡು” ಎಂದಳು. “ನಮ್ಮೂರಲ್ಲಿ ಗೋವಾದ ಪಾದ್ರಿಯೊಬ್ಬರಿದ್ದಾರೆ, ಅರ್ಥ ಅವರು ಹೇಳುತ್ತಾರೆ. ಸಂಜೆಗೇ ಪ್ರಸಾರ.”

ಪಾದ್ರಿ ಎಂದಮೇಲೆ ಗುಟ್ಟು ಹೊರಗೆ ಬೀಳಲಿಕ್ಕಿಲ್ಲ ಎಂದು ಕಜೆತಾನನಿಗೆ ಧೈರ್ಯ ಬಂತು. ಅವಳು ಅವನನ್ನು ಮೀಟಿಂಗ್ ರೂಮಿನಲ್ಲಿ ಕೂರಿಸಿ, ಮುಂದೆ ಮೈಕಿಟ್ಟು, ಬಾಗಿಲು ಎಳೆದುಕೊಂಡು ಹೋದಳು. ದುಬೈಗೆ ಬಂದಮೇಲೆ ಅವನೊಬ್ಬನಿಗೇ ಸಿಕ್ಕಿದ ಮೊದಲ ಕೋಣೆ ಅದು. ಇಷ್ಟು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದೆಲ್ಲ ಕೊಂಕಣಿಯಲ್ಲಿ ಹರಿದು ಬಂತು. ಹೊರಗೆ ಬಂದಾಗ ಕರವಸ್ತ್ರ ಹಿಂಡುವ ಹಾಗಿತ್ತು.

ರೇಡಿಯೊದ ಲಿಂಕು ಕಳಿಸಲು ಮೊಯ್ದಿನಬ್ಬನ ಕೈಗೆ ಫೋನು ಕೊಟ್ಟ. “ಉರ್ಸುಲಾಗೆ ಮಾತ್ರ ಕಳಿಸು ಮಾರಾಯ.”

ಮೊಯ್ದಿನಬ್ಬ ಉರ್ಸುಲಾಗೂ ಕಳಿಸಿದ, ಬಿಲ್ಡಿಂಗಿನ ಗ್ರೂಪಿಗೂ ಹಾಕಿದ. “ಒಳ್ಳೆ ಸುದ್ದಿಯಲ್ವಾ? ನಾಲ್ಕು ಜನಕ್ಕೆ ಗೊತ್ತಾಗ್ಲಿ.”

ಸಂಜೆ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಫ್ರೆಂಚರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪಕ್ಕದ ಫ್ಲಾಟಿನ ಅಗಾತಾಬಾಯಿಗೆ ಕುರ್ಚಿ ಹಾಕಿದರು. ಅರ್ಧ ಜನಕ್ಕೆ ಕೊಂಕಣಿ ಬಾರದಲ್ಲ ಎಂದು ಕಜೆತಾನ್ ಸಮಾಧಾನ ಮಾಡಿಕೊಂಡ.

“ಉರ್ಸುಲಾ...” ಎಂದಿತು ರೇಡಿಯೊ, ಕಜೆತಾನನ ದನಿಯಲ್ಲಿ. ಅಷ್ಟೇ. ಅವನ ದನಿ ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿಯಿತು. ಅದರ ಮೇಲೆ ಬೇರೊಬ್ಬ ಗಂಡಸು ಫ್ರೆಂಚಿನಲ್ಲಿ ಮಾತಾಡತೊಡಗಿದ. ಬೆಲ್ಲದ ಪಾಕದಂಥ ಸ್ವರ.

“ಇವ ಯಾರು?” ಎಂದ ಮೊಯ್ದಿನಬ್ಬ.

“ಅದು ಅವರ ಕ್ರಮ ಮಾರ್ರೆ. ಬೇರೆ ಭಾಷೆ ಆದ್ರೆ ಮೇಲಿಂದ ಒಬ್ಬ ಫ್ರೆಂಚಲ್ಲಿ ಹೇಳ್ತಾನೆ. ತಡೀರಿ, ನಾನು ಕನ್ನಡದಲ್ಲಿ ಹೇಳ್ತೇನೆ” ಎಂದಳು ಅಗಾತಾ.

“ಬೇಡ ಅಗಾತಾಬಾಯಿ” ಎನ್ನುವಷ್ಟರಲ್ಲಿ ಅವಳು ಶುರುಮಾಡಿಯಾಗಿತ್ತು.

“ಅಂಗಡಿಗೆ ಹೋದಾಗೆಲ್ಲ ನೀನು ಹಚ್ಚುವ ತಲೆಎಣ್ಣೆ ಬಾಟ್ಲಿಯ ಮುಚ್ಚಳ ತೆಗೆದು ಮೂಸ್ತೇನೆ, ತಿರುಗಿ ಅಲ್ಲೇ ಇಡ್ತೇನೆ. ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ನಿನಗೆ ಬಿಟ್ಟು ಕೂತ್ಕೊಳ್ತೇನೆ. ಯಾರಾದ್ರೂ ಬಂದು ಕೂತ್ರೆ ಸಿಟ್ಟು ಬರ್ತದೆ.”

ಮೊದಲಿಗೆ ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಊರಲ್ಲಿ ಹೆಂಡತಿ ಹಲೀಮಳನ್ನು ಬಿಟ್ಟು ಬಂದ ಮೊಯ್ದಿನಬ್ಬ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡ. ಕಜೆತಾನನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು.

ರೇಡಿಯೊದಲ್ಲಿ ನಡುವೆ ಒಂದು ಹಾಡು ಶುರುವಾಯಿತು. ಅಷ್ಟರಲ್ಲಿ ಫೋನು ಬಂತು. ಉರ್ಸುಲಾ.

“ಸುರುವಿಗೆ ನೀವು ಕರೆದದ್ದು ಕೇಳಿತು” ಎಂದಳು. “ಮತ್ತೆ ಮಾತಾಡಿದ್ದು ಯಾರು? ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ಅಳು ಬಂತು.”

“ಮಾತು ನನ್ನದೇ. ಸ್ವರ ಮಾತ್ರ ಅವನದ್ದು.”

“ಸುಮ್ಮನಿರಿ. ನೀವು ಅಷ್ಟು ಹೊತ್ತು ಮಾತಾಡಿದ್ದುಂಟಾ?”

ಕಜೆತಾನ್ ತಲೆಯೆತ್ತಿದ. ಹಾಲಿನ ತುಂಬ ಜನ, ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಇನ್ನು ಮುಚ್ಚಿಡಲು ಏನಿತ್ತು? ಹಾಳಾಗಲಿ ನಾಚಿಕೆ ಎಂದು ಕಣ್ಣು ಮುಚ್ಚಿಕೊಂಡು, ಶಿರ್ವಕ್ಕೆ ಫೋನಿಲ್ಲದೆಯೇ ಕೇಳುವಷ್ಟು ಗಟ್ಟಿಯಾಗಿ ಹೇಳಿದ:

“ಉರ್ಸುಲಾ, ನೀನಿಲ್ಲದೆ ನನಗೆ ಆಗುವುದಿಲ್ಲ. ಬಾ.”

“ಶ್... ಸ್ವಲ್ಪ ಇರಿ, ರೇಡಿಯೊದಲ್ಲಿ ಅವನು ಮತ್ತೆ ಬಂದ” ಎಂದು ಅವಳು ಫೋನಿಟ್ಟಳು.

ಕಜೆತಾನ್ ಕರೆದದ್ದು ಇಡೀ ಬಿಲ್ಡಿಂಗಿಗೆ ಕೇಳಿತ್ತು, ಉರ್ಸುಲಾ ಒಬ್ಬಳನ್ನು ಬಿಟ್ಟು.