ಏಕಾಂತಯ್ಯನವರ ಬಿಳಿ ಮಾತ್ರೆ

ಆರು ವರ್ಷದಿಂದ ದಿನಾ ಬೆಳಿಗ್ಗೆ ನುಂಗುತ್ತಿದ್ದ ಮಾತ್ರೆಯ ಹೆಸರು ಏಕಾಂತಯ್ಯನವರಿಗೆ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಹಳೇ ಫೈಲುಗಳ ನಂಬರನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲ ಮನುಷ್ಯ, ಇದೊಂದು ಗೊತ್ತಿರಲಿಲ್ಲ ನೋಡಿ. ಪೂಜೆ ಮುಗಿಸಿ ಕೂತರೆ ಹೆಂಡತಿ ಸಿದ್ದಲಿಂಗಮ್ಮ ಅಂಗೈಗೆ ಒಂದು ಬಿಳಿ ಮಾತ್ರೆ ಹಾಕುತ್ತಿದ್ದರು, ಇವರು ಗುಳುಂ ಎನಿಸುತ್ತಿದ್ದರು. ಎದೆಯುರಿ ಹತ್ತಿರ ಸುಳಿಯುತ್ತಿರಲಿಲ್ಲ.

ಆಕೆ ಲಿಂಗೈಕ್ಯರಾಗಿ ಹನ್ನೆರಡು ದಿನ. ಶಿವಗಣಾರಾಧನೆ ಮುಗಿಸಿ ನೆಂಟರೆಲ್ಲ ನಿನ್ನೆ ಬಸ್ಸು ಹತ್ತಿದ್ದರು. ಹೋಗುವ ಮುಂಚೆ ನಾದಿನಿ, ಹೋದವರ ಔಷಧಿ ಮನೆಯಲ್ಲಿರಬಾರದೆಂದು ಮಾತ್ರೆ ಡಬ್ಬಿಯನ್ನೇ ತಿಪ್ಪೆಗೆ ಸುರಿದಿದ್ದರು. ಇಷ್ಟು ದಿನ ನೆಂಟರ ಕೈಯಡುಗೆ ಉಂಡ ಏಕಾಂತಯ್ಯನವರ ಎದೆಯಲ್ಲಿ ಇವತ್ತು ಒಲೆ ಹಚ್ಚಿದಂಥ ಉರಿ. ಒಂದು ತುತ್ತೂ ಒಳಗಿಳಿಯಲೊಲ್ಲದು.

ಆ ಬೀದಿಯಲ್ಲಿ ಒಬ್ಬರು ಕೆಮ್ಮಿದರೆ ಸಾಕು, ನಾಲ್ಕು ಮನೆಯವರು ಡಾಕ್ಟರಾಗುತ್ತಾರೆ. ಪಕ್ಕದ ಮನೆಯ ದಾಕ್ಷಾಯಣಮ್ಮ ಬಂದು, ಅಂಥ ಮಾತ್ರೆ ವರ್ಷಗಟ್ಟಲೆ ತಿಂದರೆ ಮೂಳೆ ಸವೆಯುತ್ತದಂತೆ, ಪೇಪರಿನಲ್ಲಿ ಬಂದಿದೆ ಎಂದು ಹೆದರಿಸಿ, ಮೆಣಸು ಹಾಕಿದ ಜೀರಿಗೆ ಕಷಾಯ ಕುಡಿಸಿದರು. ಉರಿ ಗಂಟಲವರೆಗೂ ಏರಿತು. ಎದುರು ಮನೆಯ ಮಹದೇವಪ್ಪ ತಾವು ನುಂಗುವ ಬಿಳಿ ಮಾತ್ರೆಯನ್ನೇ ತಂದು, ಹೊಟ್ಟೆಯದೇ ಮಾತ್ರೆ, ಧೈರ್ಯವಾಗಿ ತಗೊಳ್ಳಿ ಎಂದರು. ಹೊಟ್ಟೆಯದೇ, ಸುಳ್ಳಲ್ಲ. ಆದರೆ ಅದು ಮಲಬದ್ಧತೆಯದು. ಮಧ್ಯಾಹ್ನದೊಳಗೆ ಏಕಾಂತಯ್ಯ ಏಳು ಸಲ ಹಿತ್ತಲಿಗೆ ಓಡಿದರು. ಪಾಪ, ಎಂಟನೆಯ ಸಲ ಓಡಲು ತ್ರಾಣವಿರಲಿಲ್ಲ, ನಡೆದೇ ಹೋದರು.

ಸಂಜೆ ಗೋಡೆ ಹಿಡಿದುಕೊಂಡು ಮೂಲೆಯ ಮೆಡಿಕಲ್ ಸ್ಟೋರಿಗೆ ಬಂದರು. ಸಿದ್ದಲಿಂಗಮ್ಮ ತಪ್ಪದೆ ಬರುತ್ತಿದ್ದ ಅಂಗಡಿ ಅದು. ಅವಳು ಒಯ್ಯುತ್ತಿದ್ದ ಮಾತ್ರೆಯನ್ನೇ ಕೊಡಪ್ಪ ಎಂದರು. ಅಂಗಡಿಯ ಅಮರೇಶ ಕೈಲಿದ್ದ ಡಬ್ಬಿ ಕೆಳಗಿಟ್ಟ.

“ನಿಮ್ಮ ಗ್ಯಾಸ್ ಮಾತ್ರೆ ಅಮ್ಮ ಇಲ್ಲಿಂದ ಒಯ್ದಿದ್ದು ಮೊದ್ಲ ಎರಡೇ ತಿಂಗ್ಳು ಸಾರ್. ತಮ್ಮನ್ನ ಕೇಳ್ದೆ ವರ್ಷಗಟ್ಲೆ ನುಂಗ್ಬಾರ್ದು ಅಂತ ಡಾಕ್ಟ್ರು ಹೇಳಿದ್ರಂತೆ. ನಿಲ್ಸಿದ್ರೆ ನೀವು ಮನೆ ತಲೆ ಮೇಲೆ ಮಾಡ್ತೀರ ಅಂತ, ಆಮೇಲಿಂದ ವಿಟಮಿನ್ ಮಾತ್ರೆ ಕೊಡ್ತಿದ್ರು.”

“ಹಂಗಾದ್ರೆ ಉರಿ ಎಂಗಯ್ಯ ಹೋಗಿತ್ತು?”

“ಖಾರ, ಹುಳಿ ಇಲ್ದೆ ನಿಮ್ಗೆ ಅಂತ್ಲೇ ಬೇರೆ ಸಾರು ಮಾಡ್ತಿದ್ರಲ್ಲ ಸಾರ್. ಅದ್ರಿಂದ್ಲೇ ಹೋಗಿದ್ದು ಅಂತ ಅಮ್ಮನೇ ಹೇಳ್ತಿದ್ರು.”

ಆ ಸಾರು! ಬಾಯಿಗಿಟ್ಟರೆ ಅರಿಶಿನದ ನೀರು ಎಂದು ಇಡೀ ಬೀದಿಗೆ ಕೇಳುವಂತೆ ಬೈದಿದ್ದರು. ಹೋದ ತಿಂಗಳು ತಟ್ಟೆ ನೂಕಿ ಹೋಟೆಲಿಗೆ ಎದ್ದು ಹೋಗಿದ್ದರು. ಆಗಲೂ ಆಕೆ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಏಕಾಂತಯ್ಯನವರಿಗೆ ಅಂಗಡಿಯ ಮುಂದೆಯೇ ಅಳು ಬಂತು, ತಡೆಯಲೂ ಇಲ್ಲ.

ಅಮರೇಶ ಗ್ಯಾಸ್ ಮಾತ್ರೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ ಮುಂದಿಟ್ಟ. ಸದ್ಯಕ್ಕೆ ಇದು, ನಾಳೆ ಡಾಕ್ಟರಿಗೆ ತೋರಿಸಿ ಎಂದ. ಏಕಾಂತಯ್ಯ ಅದರ ಕಡೆ ನೋಡಲೇ ಇಲ್ಲ.

“ಆ ಸಾರು ಎಂಗೆ ಮಾಡ್ತಿದ್ಲು ಅಂತ ನಿಂಗೇನಾದ್ರೂ ಹೇಳಿದ್ಲೇನಪ್ಪ?”

ಅಮರೇಶ ಇಲ್ಲವೆಂದು ತಲೆಯಾಡಿಸಿದ.