ಕಪಾಟು ಬಂದರು ಸೇರಿದ ಬಗೆ

"ಇವತ್ತಿನಿಂದ ಈ ಮನೇಲಿ ಎಡ, ಬಲ ಅನ್ನೋ ಮಾತಿಗೆ ಗಡೀಪಾರು!" ಎಂದು ಗುಮಾಸ್ತರು ಘೋಷಿಸಿದಾಗ ಅವರ ಹೆಂಡತಿ ಪುಸ್ತಕದ ಕಪಾಟನ್ನು ಖಾಲಿ ಮಾಡುತ್ತಿದ್ದಳು.

ಹಡಗು ಸಾಗಣೆ ಕಂಪನಿಯಲ್ಲಿ ಬಹುಕಾಲ ರಜೆ ಅರ್ಜಿಗಳನ್ನು ಮುಳುಗಿಸುತ್ತಿದ್ದ ಗುಮಾಸ್ತರನ್ನು ಮೊನ್ನೆಯಷ್ಟೇ ಸರಕು ವಿಭಾಗಕ್ಕೆ ಹಾಕಿದ್ದರು. ಕಡಲನ್ನು ಅವರು ಕಂಡಿದ್ದು ಕಚೇರಿಯ ಗೋಡೆಯ ಚಿತ್ರದಲ್ಲಿ. ಗತ್ತು ಮಾತ್ರ ಏಳು ಸಮುದ್ರ ಈಜಿ ಬಂದವರದು!

"ಹಡಗು ಹೋಗೋ ದಿಕ್ಕಿಗೆ ಮುಖ ಮಾಡಿದ್ರೆ ಎಡಮಗ್ಗುಲು ಪೋರ್ಟ್, ಬಲಮಗ್ಗುಲು ಸ್ಟಾರ್‌ಬೋರ್ಡ್. ನೀನು ಆಮೇಲೆ ಯಾವ ಕಡೆ ತಿರುಗಿ ನಿಂತ್ರೂ ಅದು ಬದಲಾಗಲ್ಲ. ತಿಳೀತಾ?"

"ತಿಳೀತು ಕಣ್ರೀ. ಅಮ್ಮ ಬಸ್ಸಿಗೆ ಹೊರಡ್ಲಿ, ಆಮೇಲೆ ಎತ್ತೋಣ."

ಆಮೇಲೆ! ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಅತ್ತೆ, ಅಳಿಯನ ಓದುವ ಕೋಣೆಯನ್ನು ಗೆದ್ದು, ಕಪಾಟನ್ನು ನಡುಮನೆಗೆ ಅಟ್ಟಿ, ತಿಂಗಳುಗಟ್ಟಲೆ ಆಳಿದ್ದರು. ಇವತ್ತು ಕೊನೆಗೂ ಚೀಲ ಕಟ್ಟಿಕೊಂಡು ಅದೇ ಕೋಣೆಯ ಮಂಚದ ಮೇಲೆ ಕೂತಿದ್ದಾರೆ. ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆಯಲು ಗುಮಾಸ್ತರಿಗೆ ಒಂದು ಗಳಿಗೆಯೂ ತಡೆಯಲಾಗಲಿಲ್ಲ.

ಕಪಾಟು ಎದ್ದಿತು. ಗುಮಾಸ್ತರು ಹಿಮ್ಮುಖವಾಗಿ ಕೋಣೆಯೊಳಗೆ ನಡೆದರು. ಹಿಂದಿನ ತುದಿ ಹೆಂಡತಿಯ ಕೈಯಲ್ಲಿ. ಬಾಗಿಲಿಗೆ ಬಂದಾಗ ಗುಮಾಸ್ತರು ಗರ್ಜಿಸಿದರು: "ಪೋರ್ಟ್!"

ಆಕೆ ತನ್ನ ಎಡಕ್ಕೆ ಎಳೆದಳು. ಅವರೂ ತಮ್ಮ ಎಡಕ್ಕೆ ಎಳೆದರು. ಕಪಾಟು ಓರೆಯಾಗಿ ಬಾಗಿಲ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು!

"ಪೋರ್ಟ್ ಅಂದೆ ಕಣೇ!"

"ಪೋರ್ಟೇ ಎಳ್ದೆ! ಯಾವ ಕಡೆ ತಿರುಗಿದ್ರೂ ಬದಲಾಗಲ್ಲ ಅಂದೋರು ನೀವು. ತಿರುಗಿ ನಿಂತೋರೂ ನೀವೇ!"

ಗುಮಾಸ್ತರು ಹಿಡಿದೆಳೆದರು. ಜೋತುಬಿದ್ದರು. ಸ್ಟಾರ್‌ಬೋರ್ಡ್ ಎಂದು ಕೂಗಿ ನೋಡಿದರು. ಕಪಾಟು ಜಪ್ಪಯ್ಯ ಅನ್ನಲಿಲ್ಲ. ಬಾಗಿಲು ಬಂದ್, ಒಳಗೆ ಅತ್ತೆ, ಅಳಿಯ, ಒಂದು ಚೀಲ.

"ಅಳಿಯಂದಿರೇ, ಬಸ್ಸಿನ ಹೊತ್ತಾಯ್ತು," ಎಂದರು ಅತ್ತೆ.

"ಗಾಬರಿ ಬೇಡಿ ಅತ್ತೆ. ಹಡಗು ನನ್ನ ಹತೋಟಿಯಲ್ಲೇ ಇದೆ!"

ಅಷ್ಟರಲ್ಲಿ ಕಿಟಕಿಯಾಚೆ ಬಸ್ಸು ಹಾರ್ನ್ ಹೊಡೆಯುತ್ತಾ, ಒಂದು ಸೀಟು ಖಾಲಿ ಇಟ್ಟುಕೊಂಡು, ಮೂಲೆ ತಿರುಗಿ ಮಾಯವಾಯಿತು. ಗುಮಾಸ್ತರ ಜೀವವೂ ಅದರ ಹಿಂದೆಯೇ ಓಡಿತು.

ಅತ್ತೆ ನಿಧಾನವಾಗಿ ಎದ್ದು, ಸೆರಗು ಸಿಕ್ಕಿಸಿ, ಕಪಾಟಿನ ಒಂದು ಮೂಲೆಗೆ ಭುಜ ಕೊಟ್ಟು ಒಮ್ಮೆ ನೂಕಿದರು. ಕಪಾಟು ಬೆಣ್ಣೆಯಂತೆ ಜಾರಿ ನಡುಮನೆಗೆ ಹೋಯಿತು.

"ಇದನ್ನ ಆಗ್ಲೇ ಮಾಡಬಹುದಿತ್ತಲ್ಲ ಅತ್ತೆ!"

"ಕ್ಯಾಪ್ಟನ್ ಇರುವಾಗ ಪ್ರಯಾಣಿಕರು ಕೈ ಹಾಕಬಾರದು ನೋಡಿ. ಅಂದ ಹಾಗೆ ನಿಮ್ಮ ಹಡಗಿನ ಭಾಷೆ ಬಲು ಚೆನ್ನಾಗಿದೆ. ಎಲ್ಲಾ ಕಲಿತೇ ಹೋಗೋಣ ಅನ್ಸುತ್ತೆ. ಒಟ್ಟು ಎಷ್ಟು ಪದ ಇದೆ?"

"ಇವರಿಗೆ ಬರೋದು ಎರಡೇ ಅಮ್ಮ," ಎಂದಳು ಹೆಂಡತಿ ಹೊರಗಿನಿಂದ. "ಅವೂ ಸರಿಯಾಗಿ ಬರಲ್ಲ."

ಅತ್ತೆ ಚೀಲದ ಗಂಟು ಬಿಚ್ಚತೊಡಗಿದರು.

"ಹಾಗಾದ್ರೆ ಅವರು ಕಲಿಯೋವರೆಗೂ ಇರ್ತೀನಿ ಬಿಡು!"