ಬಸವರಾಜರ ಲುಂಗಿ ದಿಗ್ವಿಜಯ

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಮೂವತ್ತು ವರ್ಷ ಸರಕಾರಿ ಕಾರ್ಖಾನೆಯಲ್ಲಿ ಪ್ಯಾಂಟಿನೊಳಗೆ ಬೆಂದ ಬಸವರಾಜರು ನಿವೃತ್ತರಾದ ದಿನವೇ ಲುಂಗಿಗೆ ಶರಣಾಗಿದ್ದರು. ಅಂಥವರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ದಿನ ನೋಟೀಸು: ಸಾಫ್ಟ್‌ವೇರಿನ ಫಾರಿನ್ ಅತಿಥಿಗಳು ಬರುತ್ತಾರೆ, ಲುಂಗಿ ಉಟ್ಟು ಯಾರೂ ಕೆಳಗಿಳಿಯಬಾರದು!

"ಪ್ಯಾಂಟ್ ಹಾಕ್ಕೊಂಡ್ರ ನಿಮ್ಮ ಗಂಟೇನ ಹೋಗತೈತ್ರಿ?" ಎಂದರು ಹೆಂಡತಿ ನಲಿನಿ.

"ಗಂಟಲ್ಲ, ಗಾಳಿ ಹೋಗತೈತಿ! ಪ್ಯಾಂಟಿನ್ಯಾಗ ಜೀವಾ ಬಿಡಲೇನು?"

ಮೂರು ದಿನ ನಿಘಂಟುಗಳಲ್ಲಿ ಮುಳುಗೆದ್ದ ಬಸವರಾಜರು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ (ಪ್ಯಾಂಟಿನಲ್ಲೇ, ಪಾಪ) ಗುಡುಗಿದರು. ಮಲಯರ 'ಸಾರುಂಗ್' ನೋಡಿ! ಒರೆ, ಹೊದಿಕೆ ಎಂಬಷ್ಟೇ ಅರ್ಥದ ಬಡ ಪದ. ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಹಡಗು ಹತ್ತಿಬಿಟ್ಟಿತು. ಸಿಂಹಳದಲ್ಲಿ 'ಸರಮ'ವಾಯಿತು. ಡಚ್ಚರು, ಇಂಗ್ಲಿಷರು, ಫ್ರೆಂಚರು 'ಸಾರಾಂಗ್' ಎಂದು ತಮ್ಮ ನಿಘಂಟಿನಲ್ಲಿ ಮಣೆ ಹಾಕಿ ಕೂರಿಸಿದರು. ಹೊಲಿಗೆಯ ತಂಟೆಯಿಲ್ಲ, ಗುಂಡಿ ಬೇಡ, ಹೊಟ್ಟೆ ಬೆಳೆದರೂ ಬೇಸರವಿಲ್ಲ! ಯುರೋಪಿನ ಹೆಂಗಸರು ಕಡಲ ತೀರದಲ್ಲಿ ಸುತ್ತಿ ಮೆರೆಯುವ ಆ ಬಟ್ಟೆಗೆ ನಮ್ಮ ಲುಂಗಿ ಖಾಸಾ ತಮ್ಮ!

"ಕ್ಯಾ ಬಾತ್ ಹೈ ಸಾಬ್!" ಎಂದು ಅಧ್ಯಕ್ಷ ದಿನೇಶ ನೋಟೀಸನ್ನು ಅಲ್ಲೇ ಹರಿದರು. ಗಂಡನ ಮಾತನ್ನು ನಲಿನಿ ಕೊನೆಯವರೆಗೆ ಕೇಳಿದ್ದು ಮದುವೆಯಾದಾಗಿನಿಂದ ಅದೇ ಮೊದಲು. ಅವರ ಕಣ್ಣಲ್ಲಿ ಹೆಮ್ಮೆ ತುಳುಕುತ್ತಿತ್ತು.

ವಿಜಯೋತ್ಸವಕ್ಕೆ ಬೇಗಂ ಬಜಾರಿನಿಂದ ಆರು ಹೊಸ ಲುಂಗಿ ಬಂದವು. ಹಳೆಯವೆಲ್ಲ ನೆಲ ಒರೆಸುವ ಹುದ್ದೆಗೆ ಇಳಿದವು.

ಶುಕ್ರವಾರ ಸಂಜೆ, ಪಿಂಚಣಿಗೆಂದು ಬ್ಯಾಂಕಿಗೆ ಹೋಗಿ ಬಂದ ಬಸವರಾಜರು ಪ್ಯಾಂಟು ಕಿತ್ತೆಸೆದು, ಸ್ನಾನ ಮುಗಿಸಿ, ಟವೆಲ್ಲಿನಲ್ಲಿ ಬಂದು ಕಪಾಟು ತೆರೆದರೆ ಒಳಗೆ ಬರಿಯ ನುಸಿಗುಳಿಗೆ.

"ನಲಿನಿ, ನನ್ನ ಲುಂಗಿ ಎಲ್ಲಿ?"

"ಅರಿಷಿಣ-ಕುಂಕುಮಕ್ಕ ಆರು ಮಂದಿ ಬಂದಿದ್ರು. ಮನ್ಯಾಗ ಒಂದೂ ರವಿಕಿ ಕಣ ಇರಲಿಲ್ಲ. ನಿಮ್ಮ ಭಾಷಣ ಕೇಳಿದಾಗಿಂದ ಎಲ್ಲಾರಿಗೂ ಸಾರಾಂಗಿನ ಹುಚ್ಚು ಹತ್ತೈತಿ. ಆ ಆರೂ ಹೊಸಾ ಲುಂಗಿ ಹಾಕಿ ಉಡಿ ತುಂಬಿದ್ನಿ. ಭಾಳ ಖುಷಿ ಆದ್ರು!"

"ವಾಪಸ್ ಇಸಕೊಂಡ್ ಬಾ!"

"ಉಡಿ ತುಂಬಿದ್ದನ್ನ ವಾಪಸ್ ಕೇಳತಾರೇನ್ರಿ? ಕೆಳಗ ನೋಡ್ರಿ, ಎಷ್ಟು ಚಂದ ಕಾಣಾಕತ್ತಾರ!"

ಬಾಲ್ಕನಿಯಿಂದ ಇಣುಕಿದರು. ಆರು ಜನ ಹೆಂಗಸರು, ಆರು ಬಣ್ಣ, ಆರು ಥರದ ಸುತ್ತು. ನಿಜಕ್ಕೂ ಚೆಂದವಿತ್ತು. ಹೊಟ್ಟೆ ಉರಿದರೂ ಬಸವರಾಜರು ಒಪ್ಪಿಕೊಂಡರು.

ಬಿಸಾಕಿದ್ದ ಪ್ಯಾಂಟನ್ನೇ ಕೊಡವಿ ಏರಿಸಿಕೊಂಡು ಹಾಲು ತರಲು ಕೆಳಗಿಳಿದರೆ, ಲಿಫ್ಟಿನ ಬಾಗಿಲಲ್ಲೇ ಚೌಕಳಿ ಲುಂಗಿ ಮೇಲೆತ್ತಿ ಕಟ್ಟಿದ ದಿನೇಶ! ಅವರ ದೃಷ್ಟಿ ಬಸವರಾಜರ ಕಾಲಿಗೆ ಇಳಿಯಿತು.

"ಛೆ ಛೆ ಸಾಬ್, ಆಪ್ ಔರ್ ಪ್ಯಾಂಟ್?"